ಎದುರಾಳಿಯ ಕಾಗದಗಳಲ್ಲಿ ಕಿತ್ತೂರು: ಸಾಕ್ಷ್ಯವನ್ನು ಓದುವ ಬಗೆ

1824ರ ಕಿತ್ತೂರು ಯುದ್ಧದ ಬಗ್ಗೆ ಆ ಕಾಲದಲ್ಲೇ ಬರೆದಿಟ್ಟ ದಾಖಲೆಗಳಲ್ಲಿ ಬಹುಪಾಲು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳವು. ಸಂಸ್ಥಾನದ ಪಕ್ಷ ಉಳಿದದ್ದು ಹೆಚ್ಚಾಗಿ ಲಾವಣಿಗಳಲ್ಲಿ. ದಾಳಿ ಮಾಡಿದವರ ಹೇಳಿಕೆಯಿಂದಲೇ ದಾಳಿಯ ಚರಿತ್ರೆ ಬರೆಯಬೇಕಾದ ಈ ಇಕ್ಕಟ್ಟು ಕಿತ್ತೂರಿಗಷ್ಟೇ ಸೀಮಿತವಲ್ಲ.

ಉದಾಹರಣೆಗೆ, ಜರ್ಮನಿಯ 101ನೇ ಮೀಸಲು ಪೊಲೀಸ್ ಬೆಟಾಲಿಯನ್ 1942ರ ಜುಲೈನಲ್ಲಿ ಪೋಲೆಂಡಿನ ಯೂಝೆಫುವ್‌ನಲ್ಲಿ ಸುಮಾರು 1500 ಯೆಹೂದ್ಯರನ್ನು ಕೊಂದಿತು. 1960ರ ದಶಕದಲ್ಲಿ ಆ ಪೊಲೀಸರು ತನಿಖೆಯಲ್ಲಿ ಕೊಟ್ಟ ಹೇಳಿಕೆಗಳನ್ನು ಆಧರಿಸಿ ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ಪುಸ್ತಕ ಬರೆದರು. ಡೇನಿಯಲ್ ಗೋಲ್ಡ್‌ಹೇಗನ್ 1996ರಲ್ಲಿ ಅವೇ ಕಾಗದಗಳಿಂದ ಬೇರೆಯದೇ ತೀರ್ಮಾನಕ್ಕೆ ಬಂದರು. ಪೊಲೀಸರು ತಮ್ಮನ್ನು ಸಮರ್ಥಿಸಿಕೊಂಡ ಮಾತುಗಳನ್ನು ಗೋಲ್ಡ್‌ಹೇಗನ್ ಬದಿಗಿಟ್ಟಿದ್ದರು.

ಕಿತ್ತೂರಿನ ಬಗ್ಗೆ ಬರೆದ ಕಂಪನಿಯ ಅಧಿಕಾರಿಗಳಿಗೆ ಆ ಪೊಲೀಸರಿಗಿದ್ದಂಥ ಕೋರ್ಟಿನ ಭಯವಿರಲಿಲ್ಲ, ಮೇಲಿನವರಿಗೆ ಲೆಕ್ಕ ಒಪ್ಪಿಸುವ ಭಯವಿತ್ತು. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಾಡಿಕೊಂಡ ದತ್ತಕವನ್ನು ಸಂಶಯಿಸಿದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ವಾದವನ್ನು ಈ ಹಿನ್ನೆಲೆಯಲ್ಲೇ ತೂಗಬೇಕು. ಅದು ಕಿತ್ತೂರನ್ನು ವಶಪಡಿಸಿಕೊಳ್ಳಹೊರಟ ತನ್ನ ಕ್ರಮಕ್ಕೆ ಅವನೇ ಕೊಟ್ಟ ಸಮರ್ಥನೆ. ಅಕ್ಟೋಬರ್ 23ರಂದು ಅವನೂ ಕೆಲವು ಸೇನಾಧಿಕಾರಿಗಳೂ ಸತ್ತರು, ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು ಎಂಬುದು ಮಾತ್ರ ಬೇರೆ ಬಗೆಯ ಸಾಕ್ಷ್ಯ. ತಮಗೆ ಮುಜುಗರ ತರುವ ಸಂಗತಿಯನ್ನು ಅಧಿಕಾರಿಗಳು ಕಟ್ಟಿ ಬರೆಯಲಾರರು. ಸೆರೆಯಾಳುಗಳಿಬ್ಬರೂ ಡಿಸೆಂಬರಿನಲ್ಲಿ ಜೀವಂತವಾಗಿ ಮರಳಿದರು. ಕಿತ್ತೂರಿನ ರಾಣಿ ಚೆನ್ನಮ್ಮನ ನಡತೆಗೆ ಶತ್ರುಪಕ್ಷದ ಕಾಗದವೇ ಒದಗಿಸುವ ಪುರಾವೆ ಇದು.

ಮುಂದೆ ಕಿತ್ತೂರಿನ ಪರವಾಗಿ ಕಂಪನಿಯ ವಿರುದ್ಧ ಎದ್ದ ಬೈಲಹೊಂಗಲ ಸೀಮೆಯ ಸಂಗೊಳ್ಳಿಯ ರಾಯಣ್ಣನ ದಂಗೆಗೂ, ಸಮರ್ಥನೆಯನ್ನು ಘಟನೆಯಿಂದ ಬೇರ್ಪಡಿಸುವ ಇದೇ ಪರೀಕ್ಷೆ ಹೊಂದುತ್ತದೆ. ಅವನನ್ನು ಬಂಡಾಯಗಾರನೆಂದು ಬರೆದದ್ದು ಸರಕಾರದ ಅಭಿಪ್ರಾಯ. ದಂಗೆಯಲ್ಲಿ ಬೀಡಿ ಎಂಬ ಊರಿನ ಸರಕಾರಿ ಕಚೇರಿ ಸುಟ್ಟಿತೆಂಬುದು ಘಟನೆ. ದಫ್ತರವಿದ್ದ ಕಚೇರಿಗೇ ಬೆಂಕಿ ಬಿತ್ತೆಂದರೆ, ಸಿಟ್ಟು ಕಂದಾಯ ಆಡಳಿತದ ಮೇಲಿತ್ತೆಂದು ಊಹಿಸಲು ಆಧಾರವಿದೆ. ಅಧಿಕಾರಿಗಳು ಹೇಳಹೊರಟದ್ದು ಇದನ್ನಲ್ಲ.

ಈ ವಿಧಾನ ಎಲ್ಲ ಕಡೆಯೂ ಫಲ ಕೊಡುವುದಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗ ಸಮೀಪದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಅವನನ್ನು ಕೊಂದ ನರಗುಂದದ ಸಂಸ್ಥಾನಿಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಎರಡೇ ವಾರದಲ್ಲಿ ಮುಗಿದ ಈ ಪ್ರಕರಣದಲ್ಲಿ ಬಾಬಾಸಾಹೇಬನ ಉದ್ದೇಶ ಕುರಿತು ಅಧಿಕಾರಿಗಳು ಬರೆದದ್ದನ್ನು ಬೇರೆ ಆಧಾರವಿಲ್ಲದೆ ಒಪ್ಪಲಾಗದು.