ಚಿನ್ನಹಗರಿಯ ದಡದ ಇಸಿಲ

ಪಟ್ಟಣದ ಚರಿತ್ರೆಯೆಂದೊಡನೆ ಅರಸುಮನೆತನ, ಕೋಟೆ, ಕಾಳಗಗಳು ನೆನಪಿಗೆ ಬರುವುದು ವಾಡಿಕೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಲ್ಲಿ ಹುದುಗಿರುವ ಇಸಿಲಕ್ಕಾದರೋ ತನ್ನದೆನ್ನುವ ಅರಸರ ವಂಶಾವಳಿಯಿಲ್ಲ. ಕಲ್ಲು, ಮಣ್ಣು, ಕಬ್ಬಿಣಗಳನ್ನು ಹದಗೊಳಿಸಿ ಬಾಳಿದ ಕಸಬುದಾರರು ಬಿಟ್ಟುಹೋದ ವಸ್ತುಗಳೇ ಅದರ ಇತಿಹಾಸ.

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟವರು ದಾರಿಯಿಂದ ಹೊರಳಿ ಅಶೋಕ ಸಿದ್ದಾಪುರವನ್ನು ಸೇರಿದರೆ ಚಿನ್ನಹಗರಿಯ ದಡ ಸಿಕ್ಕುವುದು. ಜನಗಿಹಳ್ಳವೆಂದೂ ಇದಕ್ಕೆ ಹೆಸರುಂಟು. ವೇದಾವತಿಯನ್ನು ಕೂಡುವ ಈ ಹೊಳೆಯಲ್ಲಿ ಮಳೆಗಾಲ ಕಳೆದರೆ ನೀರಿಗಿಂತ ಮರಳೇ ಹೆಚ್ಚು. ಇಲ್ಲಿಂದ ಬ್ರಹ್ಮಗಿರಿಯ ಉತ್ತರದ ಬುಡಕ್ಕೆ ನಡೆಯುವುದು ಆಯಾಸದ ಮಾತಲ್ಲ. ಬೆಟ್ಟದ ಬುಡಕ್ಕೆ ಅಂಟಿಕೊಂಡಂತಿರುವ ನೆಲವೇ ಹಳೆಯ ಊರು.

ಈ ನೆಲವನ್ನು ಮೊದಲು ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದರು. ಆಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಪದರಪದರವಾಗಿ ಶೋಧಿಸಿದರು. ಅಡಿಯ ಪದರದವರು ಕಲ್ಲುಕೊಡಲಿಯ ಜನ. ಗಟ್ಟಿಯಾದ ಕಪ್ಪುಕಲ್ಲಿನಿಂದ ಮೊದಲು ಚಕ್ಕೆಯೆಬ್ಬಿಸಿ, ಬಳಿಕ ಕುಟ್ಟಿ, ಕಡೆಗೆ ಉಜ್ಜಿ ನುಣುಪುಗೊಳಿಸಿ ಅವರು ಕೊಡಲಿಗಳನ್ನು ಮಾಡುತ್ತಿದ್ದರು. ಅವರ ಮಡಕೆಗಳು ಬಹುಮಟ್ಟಿಗೆ ಕೈಯಿಂದಲೇ ತಿದ್ದಿದವು. ಅದರ ಮೇಲಿನ ಪದರದಲ್ಲಿ ಕಬ್ಬಿಣವೂ, ಒಳಗೆ ಕಪ್ಪಾಗಿ ಹೊರಗೆ ಕೆಂಪಾಗಿರುವ ಮಡಕೆಗಳೂ ದೊರೆತವು. ಇಂಥ ಮಡಕೆಯನ್ನು ಬೋರಲಿಟ್ಟು ಸುಡುತ್ತಿದ್ದರೆಂದು ತಿಳಿದವರ ಅಭಿಪ್ರಾಯ. ಗಾಳಿ ತಾಗದ ಭಾಗ ಕಪ್ಪಾಗಿಯೇ ಉಳಿಯುವುದು. ಊರಿನ ಆಸುಪಾಸಿನಲ್ಲಿರುವ ದೊಡ್ಡ ಕಲ್ಲುಗೋರಿಗಳು ಈ ಜನರವು. ಸತ್ತವರೊಡನೆ ಕಬ್ಬಿಣದ ಸಲಕರಣೆಗಳನ್ನೂ ಇಡುತ್ತಿದ್ದರೆಂಬುದರಿಂದ ಆ ಲೋಹಕ್ಕಿದ್ದ ಬೆಲೆ ವ್ಯಕ್ತವಾಗುವುದು. ಮೂರನೆಯ ಪದರದಲ್ಲಿ ಚಕ್ರದ ಮೇಲೆ ತಿರುಗಿಸಿ ಮಾಡಿದ ನಯವಾದ ಪಾತ್ರೆಗಳು ಕಂಡವು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನರ ಸರಕುಗಳೊಡನೆ ಸಿಕ್ಕಿದ್ದ ಬಗೆಯ ಪಾತ್ರೆಗಳೇ ಇಲ್ಲಿಯೂ ದೊರೆತುದರಿಂದ ಈ ಪದರದ ಕಾಲವನ್ನು ಗೊತ್ತುಮಾಡಲು ಆಧಾರವಾಯಿತು. ಕಬ್ಬಿಣದ ಪದರ ಕ್ರಿ. ಪೂ. 200ರ ಸುಮಾರಿಗೆ ಮೊದಲಾಯಿತೆಂದು ವ್ಹೀಲರ್ ಎಣಿಸಿದ್ದರು. ಬಳಿಕಿನ ಸಂಶೋಧನೆಗಳು ದಕ್ಷಿಣದ ಕಬ್ಬಿಣಯುಗವನ್ನು ಅದಕ್ಕೂ ಬಹಳ ಹಿಂದಕ್ಕೆ ಒಯ್ದಿವೆ.

ಇಷ್ಟು ಕೆಲಸ ನಡೆದ ಊರಿನಲ್ಲಿ ಕೊಡಲಿ ಉಜ್ಜಿದವನ ಹೆಸರಾಗಲಿ, ಕುಂಬಾರನ ಹೆಸರಾಗಲಿ ಉಳಿಯಲಿಲ್ಲ. ಉಳಿದುದು ಒಬ್ಬ ಕಸಬುದಾರನದು ಮಾತ್ರ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲಿವೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಅನಂತರ ರಾಜಾಜ್ಞೆಯನ್ನು ತಿಳಿಸುತ್ತಾರೆ. ಕೊನೆಗೆ, ಬರೆದವನು ಚಪಡನೆಂಬ ಲಿಪಿಕಾರನೆಂದು ಇದೆ. ಶಾಸನವೆಲ್ಲ ಬ್ರಾಹ್ಮೀ ಅಕ್ಷರಗಳಲ್ಲಿದ್ದರೂ ‘ಲಿಪಿಕಾರ’ ಎಂಬರ್ಥದ ಆ ಪದವೊಂದನ್ನು ಅವನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ದೂರದ ಗಂಧಾರದ ಕಡೆ ಕಲಿತ ವಿದ್ಯೆಯನ್ನು ಹೊಳೆದಡದ ಈ ಬಂಡೆಯಲ್ಲಿ ಮೆರೆಯಿಸುವ ಆಸೆ ಅವನಿಗಿದ್ದಿರಬೇಕು.

ಅವನು ಬರೆದ ಆಜ್ಞೆಯ ಸಾರವೂ ಗಮನಾರ್ಹವಾದುದು. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಿಸಿದರೆ ಸಣ್ಣವನಿಗೂ ಸ್ವರ್ಗ ದೊರಕುವುದೆಂದು ಅದು ಸಾರುತ್ತದೆ. ಅರಸನು ನುಡಿದುದು ಧರ್ಮಸಾಧನೆಯನ್ನು ಕುರಿತು. ದಿನವೆಲ್ಲ ಮೈಮುರಿದು ದುಡಿಯುತ್ತಿದ್ದ ಊರಿನವರ ಕಿವಿಗೆ ಅದು ಬೇರೊಂದು ಬಗೆಯಲ್ಲಿಯೂ ಬಿದ್ದಿರಬಹುದು.

ಬ್ರಹ್ಮಗಿರಿಯಿಂದ ಸುಮಾರು 3 ಮೈಲಿಯಾಚೆಗಿರುವ ಜಟಿಂಗರಾಮೇಶ್ವರ ಬೆಟ್ಟದ ಮೇಲೆ ಶಾಸನವಿರುವ ಬಂಡೆಗೆ ಬಳೆಗಾರಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಕ್ಷರಗಳು ಸವೆದು ಓದುವವರಿಗೆ ನಷ್ಟವಾದುದು ನಿಜ. ಆದರೂ ಮೌರ್ಯರ ಹೆಸರನ್ನು ಮರೆತ ಬಂಡೆ ಬಳೆ ಮಾರುವವರ ಹೆಸರನ್ನು ಹೊತ್ತು ನಿಂತಿತು.

ಇಸಿಲವೆಂಬ ಹೆಸರು ಊರ ಜನರ ಬಾಯಿಂದ ಮರೆಯಾಗಿ ಹೋಯಿತು. ಕೈಕಸಬು ಮಾತ್ರ ಈ ಸೀಮೆಯನ್ನು ಬಿಟ್ಟುಹೋಗಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಇಂದು ಭೌಗೋಳಿಕ ಸೂಚಿಕೆಯ ಮನ್ನಣೆಯುಂಟು. ಊರಿನ ಹೆಸರು ಸೀರೆಯೊಡನೆ ದೇಶವನ್ನೆಲ್ಲ ಸುತ್ತುತ್ತದೆ. ಮಗ್ಗದಲ್ಲಿ ಕುಳಿತು ಅಂಚು ಸೆರಗುಗಳನ್ನು ಕೂಡಿಸಿದವರ ಹೆಸರನ್ನು ಸೀರೆ ಉಟ್ಟವರು ಅರಿಯರು. ಚಪಡನಿಗೆ ದೊರೆತಂಥ ಒಂದು ಪದದಷ್ಟು ಸ್ಥಳ ಅವರಿಗೂ ಸಲ್ಲತಕ್ಕದ್ದು.