ಫ್ಲೋರೈಡ್ ಸ್ಫಟಿಕಗಳಲ್ಲಿ ವಿದ್ಯುದ್ವಹನವೂ ಆರ್ದ್ರತೆಯೂ

ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮರಿಗೆಯ ಉಪ್ಪು ನೀರೊಡೆಯುವುದನ್ನು ಬಲ್ಲವರಿಗೆ, ಅದೇ ಗಾಳಿಯಲ್ಲಿಟ್ಟ ಕ್ಯಾಲ್ಸಿಯಂ ಫ್ಲೋರೈಡಿನ ಸ್ಫಟಿಕವು ಒಣಗಿಯೇ ಇರುವಂತೆ ಕಾಣುವುದು ಸಮಾಧಾನವೆನಿಸಬಹುದು. ಲೀಟರ್ ನೀರಿನಲ್ಲಿ ಸುಮಾರು 16 ಮಿಲಿಗ್ರಾಂ ಮಾತ್ರ ಕರಗುವ ವಸ್ತುವಿಗೆ ತೇವದ ಭಯವೇನೆಂದು ತೋರುವುದೂ ಸಹಜವೇ. ವಿದ್ಯುನ್ಮಾಪನದಲ್ಲಿ ಈ ಸಮಾಧಾನ ನಿಲ್ಲದು. ಜಯಪುರದಂಥ ಊರಿನಲ್ಲಿ ಶ್ರಾವಣಮಾಸದಲ್ಲಿ ತೆರೆದ ಗಾಳಿಯಲ್ಲಿ ಅಳೆದ ವಾಹಕತೆಯು, ಸ್ಫಟಿಕದ ಒಡಲಿನದಕ್ಕಿಂತ ಹೆಚ್ಚಾಗಿ ಅದರ ಮೈಗೆ ಅಂಟಿದ ಜಲಪಟಲದ್ದೇ ಆಗಿರುವ ಸಂಭವ ಉಂಟಾದ್ದರಿಂದ, ಕಾವಲುಂಗುರವಿರುವ ಇಲೆಕ್ಟ್ರೋಡನ್ನೂ ನಿರ್ವಾತವನ್ನೂ ಆಶ್ರಯಿಸದೆ ಗತ್ಯಂತರವಿಲ್ಲ.

ಈ ಸ್ಫಟಿಕದಲ್ಲಿ ಫ್ಲೋರೈಡ್ ಅಯಾನುಗಳು ಘನಗಳ ಮೂಲೆಗಳಲ್ಲಿ ನೆಲಸಿ, ಒಂದು ಬಿಟ್ಟು ಒಂದರಂತೆ ಘನಮಧ್ಯಗಳನ್ನು ಕ್ಯಾಲ್ಸಿಯಂ ಆಕ್ರಮಿಸುವುದರಿಂದ, ಅರ್ಧದಷ್ಟು ಘನಗಳು ಬರಿದಾಗಿಯೇ ಉಳಿಯುವುವು. ಫ್ಲೋರೈಡ್ ಅಯಾನೊಂದು ತನ್ನ ತಾಣವನ್ನು ತೊರೆದು ಇಂಥ ಬರಿಯ ಘನವನ್ನು ಸೇರಲು ಸುಮಾರು 2.7 ಇಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ ಬೇಕಾಗುವುದರಿಂದ, ಸಾಮಾನ್ಯ ಉಷ್ಣತೆಯಲ್ಲಿ ಶುದ್ಧ ಸ್ಫಟಿಕವು ಉತ್ತಮ ಅವಾಹಕವೇ ಸರಿ. ಅನ್ಯಧಾತುವನ್ನು ಬೆರೆಸಿದೊಡನೆ ಸ್ಥಿತಿ ಬದಲಾಗುವುದು. ಸೋಡಿಯಮಿನಿಂದ ಫ್ಲೋರೈಡಿನ ರಿಕ್ತಸ್ಥಾನಗಳೂ, ಯಿಟ್ರಿಯಮಿನಿಂದ ಬರಿಯ ಘನಗಳಲ್ಲಿ ಹೆಚ್ಚುವರಿ ಫ್ಲೋರೈಡುಗಳೂ ಹುಟ್ಟುವುವೆಂಬ ತತ್ತ್ವದ ಮೇಲೆ 1957ರಲ್ಲಿ ಯೂರ್ ಎಂಬ ವಿಜ್ಞಾನಿಯು ಪ್ರಕಟಿಸಿದ ಮಾಪನಗಳು ಈ ಕ್ಷೇತ್ರಕ್ಕೆ ಇಂದಿಗೂ ಬುನಾದಿ. ಎರಡರಲ್ಲಿ ರಿಕ್ತಸ್ಥಾನವೇ ಸುಲಭವಾಗಿ ಚಲಿಸತಕ್ಕದ್ದು.

ಡೈಎಲೆಕ್ಟ್ರಿಕ್ ಗುಣದ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಕ್ಯಾಲ್ಸಿಯಂ ಫ್ಲೋರೈಡಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 6.8, ಅದರಲ್ಲಿ ಸುಮಾರು 2.05ರಷ್ಟು, ಅಂದರೆ ವಕ್ರೀಭವನಾಂಕದ ವರ್ಗದಷ್ಟು, ಇಲೆಕ್ಟ್ರಾನುಗಳ ಕೊಡುಗೆಯಾದರೆ, ಮಿಕ್ಕದ್ದೆಲ್ಲ ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ನರು ಬಹುಕಾಲ ಆಸಕ್ತಿಯಿಂದ ಪರಿಶೀಲಿಸಿದ ಜಾಲಸ್ಪಂದನಗಳಿಗೆ ಸಂಬಂಧಿಸಿದ್ದು. ಯಿಟ್ರಿಯಮನ್ನು ಬೆರೆಸಿದಾಗ ಇವೆರಡರ ಮೇಲೆ ಮೂರನೆಯದೊಂದು ಸೇರುತ್ತದೆ: ಧಾತುವಿನ ಪಕ್ಕದ ಘನದಲ್ಲಿ ನಿಂತ ಹೆಚ್ಚುವರಿ ಫ್ಲೋರೈಡು ಅದರೊಡನೆ ದ್ವಿಧ್ರುವವಾಗಿ ಕಟ್ಟುಬಿದ್ದು, ಆ ಧಾತುವನ್ನು ಬಿಟ್ಟುಹೋಗಲಾರದೆ, ಸುತ್ತಲಿನ ಘನಗಳಿಗೆ ನೆಗೆಯುತ್ತಿರುತ್ತದೆ. ಈ ನೆಗೆತಕ್ಕೆ ಸುಮಾರು 0.4 ಇಲೆಕ್ಟ್ರಾನ್ ವೋಲ್ಟ್ ಸಾಕಾದ್ದರಿಂದ, ಸೆಕೆಂಡಿಗೆ ಸಾವಿರ ಆವೃತ್ತಿಯ ವಿದ್ಯುತ್‌ಕ್ಷೇತ್ರದಲ್ಲಿ ಡೈಎಲೆಕ್ಟ್ರಿಕ್ ನಷ್ಟದ ಶಿಖರವು 200 ಕೆಲ್ವಿನ್ನಿನ ಆಸುಪಾಸಿನಲ್ಲಿ ತೋರಿಬರುವುದು.

ನಷ್ಟದ ಈ ಶಿಖರವು ಎಣಿಸುವುದು ಬಂಧಿತರನ್ನು, ವಾಹಕತೆಯು ಎಣಿಸುವುದು ಮುಕ್ತರನ್ನು; ಆದಕಾರಣ ಇವೆರಡರಲ್ಲಿ ಒಂದನ್ನೇ ನಂಬಿ ಬೆರಕೆಯ ಪ್ರಮಾಣವನ್ನು ನಿರ್ಣಯಿಸುವ ಪ್ರಬಂಧಗಳು ನನಗೆ ಅಪೂರ್ಣವೆಂದೇ ತೋರುವುವು. ಬೆರಕೆಯು ಹೆಚ್ಚಿದಂತೆ ದ್ವಿಧ್ರುವಗಳು ಗುಂಪುಗೂಡಿ, ಶಿಖರವು ಅದಕ್ಕೆ ತಕ್ಕಷ್ಟು ಬೆಳೆಯದೆಯೂ ಹೋಗಬಹುದು. 1970ರ ಸುಮಾರಿಗೆ ನ್ಯೂಟ್ರಾನ್ ವಿವರ್ತನವು ಈ ಗುಂಪುಗಳ ಆಕಾರವನ್ನು ಸೂಚಿಸಿತು. ಇನ್ನು ನೀರು: ತೇವದ ಗಾಳಿಯಲ್ಲಿ ಸ್ಫಟಿಕವನ್ನು ತೀವ್ರವಾಗಿ ಕಾಸಿದರೆ ಹೈಡ್ರೋಜನ್ ಫ್ಲೋರೈಡ್ ಹೊರಬಿದ್ದು, ಆಕ್ಸಿಜನ್ ಅಯಾನು ಫ್ಲೋರೈಡಿನ ತಾಣವನ್ನು ಆಕ್ರಮಿಸಿ, ಸೋಡಿಯಮಿನಂತೆಯೇ ರಿಕ್ತಸ್ಥಾನಗಳನ್ನು ಉಂಟುಮಾಡುತ್ತದೆ. ಯಿಟ್ರಿಯಂ ಬೆರೆಸಿದ ಸ್ಫಟಿಕದಲ್ಲಾದರೋ ಅದು ಯಿಟ್ರಿಯಮಿನ ಅಧಿಕ ಆವೇಶವನ್ನು ಸರಿದೂಗಿಸಿ, ಹೆಚ್ಚುವರಿ ಫ್ಲೋರೈಡುಗಳನ್ನೇ ಕಡಮೆಮಾಡುವುದು. ಮೇಲ್ಮೈಯ ತೇವವನ್ನು ಒರೆಸಬಹುದು, ಒಡಲಿಗಿಳಿದ ಆಕ್ಸಿಜನ್ನನ್ನು ಒರೆಸಲಾಗದು.

ಇಷ್ಟಾದರೂ ನೀರಿನಲ್ಲಿಯೇ ಬಾಳುವ ಫ್ಲೋರೈಡ್ ಸ್ಫಟಿಕವೊಂದುಂಟು. ಲ್ಯಾಂಥನಂ ಫ್ಲೋರೈಡಿಗೆ ಸ್ವಲ್ಪ ಯೂರೋಪಿಯಂ ಬೆರೆಸಿ, ರಿಕ್ತಸ್ಥಾನಗಳಿಂದ ವಾಹಕತೆಯನ್ನು ಹೆಚ್ಚಿಸಿ, ಫ್ರಾಂಟ್ ಮತ್ತು ರಾಸ್ ಎಂಬುವರು 1966ರಲ್ಲಿ ಫ್ಲೋರೈಡ್ ಇಲೆಕ್ಟ್ರೋಡನ್ನು ನಿರ್ಮಿಸಿದರು. ಪಾವಗಡ, ಬಾಗೇಪಲ್ಲಿಗಳಂಥ ಬಯಲುಸೀಮೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದೆಯೇ ಎಂಬುದನ್ನು ಪರೀಕ್ಷಿಸುವ ವಿಶ್ವಾಸಾರ್ಹ ಸಾಧನಗಳಲ್ಲಿ ಇದೊಂದು. ಫ್ಲೋರೈಡಿನ ಸಾಂದ್ರತೆ ಹತ್ತುಪಟ್ಟು ಬದಲಾದರೆ ಇದರ ವಿಭವ 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 59 ಮಿಲಿವೋಲ್ಟಿನಷ್ಟು ಬದಲಾಗುವುದು. ಗಾತ್ರದಲ್ಲಿ ಫ್ಲೋರೈಡನ್ನು ಬಹುಮಟ್ಟಿಗೆ ಹೋಲುವ ಹೈಡ್ರಾಕ್ಸೈಡ್ ಅಯಾನೊಂದೇ ಇದನ್ನು ಗಣನೀಯವಾಗಿ ವಂಚಿಸಬಲ್ಲದ್ದಾಗಿರುವುದರಿಂದ, ಪರೀಕ್ಷೆಗೆ ಮುನ್ನ ನೀರಿಗೆ ಅಸಿಟೇಟ್ ದ್ರಾವಣವನ್ನು ಬೆರೆಸಿ ಅದರ ಪಿಎಚ್ಚನ್ನು 5ರಿಂದ 5.5ರೊಳಗೆ ನಿಲ್ಲಿಸುವುದು ರೂಢಿ.