ಮೋಶೆಯ ಕಾಲದ್ದೆನಿಸಿಕೊಂಡ ಪುಸ್ತಕ

ಮೂರು ರಾಯರ ಹಬ್ಬದ ಶುಭಸಂದೇಶದಲ್ಲಿ ಸಂತ ಮತ್ತಾಯರು ಆ ಜ್ಞಾನಿಗಳನ್ನು ಕರೆಯುವುದು ‘ಮಾಗೊಯ್’ ಎಂದು. ‘ಮ್ಯಾಜಿಕ್’ ಎಂಬ ಮಾತೂ ಇದೇ ಗ್ರೀಕ್ ಪದದ ಬೇರಿನಿಂದ ಬಂದದ್ದು. ಕ್ರೈಸ್ತ ವಿಶ್ವಾಸಕ್ಕಿಂತ ಹಳೆಯದಾದ ಗುಪ್ತಜ್ಞಾನವೊಂದಿತ್ತು, ಧರ್ಮಸಭೆ ಅದನ್ನು ಮುಚ್ಚಿಟ್ಟಿತು ಎಂದು ಹೇಳುವವರಿದ್ದಾರೆ. ಪಶ್ಚಿಮದ ಗೂಢವಿದ್ಯೆಯ ಪಂಥಗಳು ಇದಕ್ಕೆ ಬಹುವಾಗಿ ಹೆಸರಿಸುವುದು ಈಜಿಪ್ಟಿನ ಹರ್ಮಿಸ್ ಟ್ರಿಸ್ಮೆಜಿಸ್ಟಸ್ ಎಂಬ ಋಷಿಯನ್ನು. ಗ್ರೀಕರ ಹರ್ಮಿಸ್ ಮತ್ತು ಈಜಿಪ್ಟಿನವರ ಥೋತ್ ಎಂಬ ಇಬ್ಬರು ದೇವತೆಗಳು ಬೆರೆತು ಮೂಡಿದ ಹೆಸರದು.

ಮುಚ್ಚಿಟ್ಟರೆಂಬ ಮಾತನ್ನು ಮೊದಲು ನೋಡೋಣ. ಸುಮಾರು 1460ರಲ್ಲಿ ಸನ್ಯಾಸಿಯೊಬ್ಬರು ಮ್ಯಾಸಿಡೋನಿಯಾದಿಂದ ಹರ್ಮಿಸನ ಹೆಸರಿನ ಗ್ರೀಕ್ ಹಸ್ತಪ್ರತಿಯನ್ನು ಫ್ಲಾರೆನ್ಸಿಗೆ ತಂದರು. ಅಲ್ಲಿನ ಧನಿಕ ಕೊಸಿಮೊ ಡಿ ಮೆಡಿಚಿಗೆ ಆಗ ಇಳಿವಯಸ್ಸು. ಪ್ಲೇಟೋನ ಕೃತಿಗಳ ಅನುವಾದವನ್ನು ಬದಿಗಿಟ್ಟು ಇದನ್ನೇ ಮೊದಲು ಮುಗಿಸುವಂತೆ ಮಾರ್ಸಿಲಿಯೊ ಫಿಚಿನೊಗೆ ಹೇಳಿದ. 1463ರಲ್ಲಿ ಲ್ಯಾಟಿನ್ ಅನುವಾದ ಸಿದ್ಧವಾಯಿತು. ಮರುವರ್ಷ ಕೊಸಿಮೊ ತೀರಿಕೊಂಡ. 1471ರಲ್ಲಿ ಅದು ಅಚ್ಚಾಯಿತು. 1473ರಲ್ಲಿ ಫಿಚಿನೊ ಗುರುದೀಕ್ಷೆ ಪಡೆದರು. 1488ರಲ್ಲಂತೂ ಸಿಯೆನಾ ನಗರದ ಪ್ರಧಾನಾಲಯದ ನೆಲದಲ್ಲಿಯೇ, ಬಾಗಿಲು ದಾಟಿದೊಡನೆ ಕಾಣುವಂತೆ, ಹರ್ಮಿಸನ ಚಿತ್ರವನ್ನು ಅಮೃತಶಿಲೆಯಲ್ಲಿ ಕೂಡಿಸಿದರು. ಮೋಶೆಯ ಸಮಕಾಲೀನ ಎಂದು ಕೆಳಗೆ ಬರೆದರು. ಮುಚ್ಚಿಡುವವರು ಮಾಡುವ ಕೆಲಸವೇ ಇದು?

ನಮ್ಮ ಹಿರಿಯರು ಹಾಗೆ ನಂಬಿದ್ದಕ್ಕೆ ಕಾರಣವಿತ್ತು. 4ನೇ ಶತಮಾನದ ಲ್ಯಾಕ್ಟಾಂಶಿಯಸ್ ಹರ್ಮಿಸನನ್ನು ಅನ್ಯಜನರೊಳಗಿನ ಸತ್ಯದ ಸಾಕ್ಷಿಯೆಂದು ಕೊಂಡಾಡಿದ್ದರು. ಸಂತ ಅಗುಸ್ತೀನರು ವಿಗ್ರಹಗಳಿಗೆ ಜೀವ ತುಂಬುವ ಅವನ ವಿದ್ಯೆಯನ್ನು ಖಂಡಿಸಿ, ಅವನು ಮೋಶೆಯ ನಂತರದವನೆಂದರು. ಆದರೂ ಅವನು ಪ್ರಾಚೀನನೆಂಬುದನ್ನು ಅವರೂ ಅಲ್ಲಗಳೆಯಲಿಲ್ಲ.

ಗಂಟು ಬಿಚ್ಚಿದ್ದು ಪ್ರಾಟೆಸ್ಟೆಂಟ್ ವಿದ್ವಾಂಸ ಐಸಾಕ್ ಕಾಸೊಬಾನ್. ಕಾರ್ಡಿನಲ್ ಬರೋನಿಯಸ್ ಬರೆದ ಧರ್ಮಸಭೆಯ ಚರಿತ್ರೆಯಲ್ಲಿ ತಪ್ಪು ಹುಡುಕುವುದೇ ಅವರ ಉದ್ದೇಶವಾಗಿತ್ತು. ಕ್ರಿಸ್ತರ ಆಗಮನವನ್ನು ಮುಂಗಂಡ ಅನ್ಯಜನರಲ್ಲಿ ಬರೋನಿಯಸರು ಹರ್ಮಿಸನನ್ನೂ ಎಣಿಸಿದ್ದರು. 1614ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಕಾಸೊಬಾನ್ ಕೇಳಿದ ಪ್ರಶ್ನೆಗಳು ಸರಳ. ಅಷ್ಟು ಪುರಾತನನಾದವನು ಕ್ರಿ.ಪೂ. 5ನೇ ಶತಮಾನದ ಶಿಲ್ಪಿ ಫಿಡಿಯಾಸನ ಹೆಸರೆತ್ತುವುದು ಹೇಗೆ? ಈಜಿಪ್ಟಿನ ಭಾಷೆಯಿಂದ ಅನುವಾದವಾಗಿದ್ದರೆ ಗ್ರೀಕಿನಲ್ಲಿ ಮಾತ್ರ ಹೊಂದುವ ಪದಚಮತ್ಕಾರ ಎಲ್ಲಿಂದ ಬಂತು? ಆ ಗ್ರೀಕ್ ಪದಗಳಾದರೂ ತೀರ ಈಚಿನವು. ಬರಹಗಳು ಕ್ರಿಸ್ತಶಕದ ಮೊದಲ ಮೂರು ಶತಮಾನಗಳವು ಎಂಬುದೇ ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದಿಕಾಂಡದ ಮುನ್ಸೂಚನೆಯೆಂದು ತಿಳಿದದ್ದು ಆದಿಕಾಂಡದ ಪ್ರತಿಧ್ವನಿಯಾಗಿತ್ತು! ಎದುರಾಳಿಯ ಕೈಯಿಂದ ಬಂದರೂ ಸತ್ಯ ಸತ್ಯವೇ. ಅದಕ್ಕಾಗಿ ನಾವು ಕಾಸೊಬಾನರಿಗೆ ಋಣಿಗಳು.

ಹಾಗೆಂದು ಎಲ್ಲವೂ ಕಟ್ಟುಕಥೆಯಲ್ಲ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಮಣ್ಣಿನ ಜಾಡಿಯಲ್ಲಿ ಸಿಕ್ಕ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ ಹರ್ಮಿಸನ ಬರಹಗಳೂ ಇದ್ದವು. ಈಜಿಪ್ಟಿನ ನಂಟು ನಿಜ, ಹೇಳಿಕೊಂಡ ವಯಸ್ಸು ಮಾತ್ರ ನಿಜವಲ್ಲ.

ಕಾಸೊಬಾನರ ಗ್ರಂಥ ಬಂದು 274 ವರ್ಷಗಳಾದ ಮೇಲೆ, 1888ರಲ್ಲಿ, ಅದೇ ಲಂಡನ್ನಿನಲ್ಲಿ ‘ಗೋಲ್ಡನ್ ಡಾನ್’ ಎಂಬ ಗೂಢವಿದ್ಯಾ ಸಂಘ ಹರ್ಮಿಸನ ಹೆಸರು ಹೊತ್ತೇ ಹುಟ್ಟಿತು. ಸಿಯೆನಾದ ನೆಲದ ಮೇಲಿನ ಆ ಬರಹವೂ ಅಳಿಯದೆ ಉಳಿದಿದೆ.